ಜೊತೆಗಾರರು ಉತ್ತರ ಹೇಳಿಕೊಡಬಾರದು

ನಮ್ಮ ಅಳಿಯಂದಿರು ತಜ್ಞರಾದದ್ದು ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು. ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಮನೆಯ ಫೋನು ಬಡಿದುಕೊಂಡಿತು. ಎತ್ತಿದರು. ಆ ಕಡೆಯಿಂದ ಒಬ್ಬ ಹೆಣ್ಣುಮಗಳು, ನಗರದ ಬಸ್ಸಿಗೆ ಹೊಸ ಆ್ಯಪ್ ಬರುತ್ತಿದೆ, ಅದರ ಸಮಿತಿಗೆ ನಿಮ್ಮ ಮನೆಯಲ್ಲಿರುವ ಅನುಭವ ತಜ್ಞರು ಶುಕ್ರವಾರ ಬರಬೇಕು, ಜೊತೆಗೆ ಒಬ್ಬರನ್ನು ಕರೆದುಕೊಂಡು ಬರಬಹುದು ಅಂದಳಂತೆ. ಯಾರು, ಏನು, ಯಾಕೆ ಅಂತ ಕೇಳಬೇಕಾದರೆ ಇವರು ನೊರೆ ಉಗಿಯಬೇಕು. ಉಗಿಯಲು ಬಚ್ಚಲು ದೂರ. ಹಾಗಾಗಿ ಎಲ್ಲದಕ್ಕೂ ಹೂಂ ಹೂಂ ಅಂದು ಫೋನು ಇಟ್ಟರು.

ಇಟ್ಟವರು ಮನೆಯ ಮೇಲೊಮ್ಮೆ ಕಣ್ಣಾಡಿಸಿದರು. ಹೆಂಡತಿ, ಅಂದರೆ ನಮ್ಮ ದೊಡ್ಡವಳು, ಒಲೆಯ ಮುಂದೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆಗೆ ಕೈ ಮುಗಿದವಳು. ನಮ್ಮ ಚಿಕ್ಕವಳು ಅಂದರೆ ಅವರ ನಾದಿನಿ, ಸಾಕ್ಸಿನ ಜೋಡಿ ಹುಡುಕುತ್ತಿದ್ದಳು. ಇಷ್ಟು ಜನರಲ್ಲಿ ತಜ್ಞರು ಯಾರು ಅಂತ ತೀರ್ಮಾನ ಮಾಡಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎದೆ ಹೇಗೆ ಉಬ್ಬಿತೆಂದರೆ ಬನಿಯನ್ನಿನ ಹೊಲಿಗೆ ಬಿಡುವ ಸದ್ದು ನನಗೆ ಅಡುಗೆಮನೆಗೆ ಕೇಳಿಸಿತು.

ಅಳಿಯಂದಿರದು ಜೆರಾಕ್ಸ್ ಅಂಗಡಿ. ಯಾರಾದರೂ ಕೇಳಿದರೆ "ಕಂಪ್ಯೂಟರ್ ಲೈನಿನಲ್ಲಿದ್ದೀನಿ" ಅನ್ನುತ್ತಾರೆ. ಆ ಲೈನಿನಲ್ಲಿ ಅವರಿಗೆ ಗೊತ್ತಿರುವ ವಿದ್ಯೆ ಒಂದೇ. ಮಷೀನು ಕಾಗದ ನುಂಗಿದರೆ ಅದರ ಎಡಪಕ್ಕೆಗೆ ಒಂದು ಏಟು ಕೊಡುವುದು. ಏಟಿಗೂ ಬಗ್ಗದಿದ್ದರೆ ಬಲಪಕ್ಕೆ. ಅಂಥವರನ್ನು ಊರಿನ ಸಮಿತಿ ಹುಡುಕಿಕೊಂಡು ಫೋನು ಮಾಡಿದೆ ಅಂದರೆ ಸುಮ್ಮನೆ ಆಗುತ್ತದೆಯೇ? ಪಕ್ಕದ ಮನೆಯ ಟೇಲರಿಗೆ ಹೇಳಿ ಕೋಟು ಹೊಲಿಯಲು ಹಾಕಿದರು. ಅಳತೆ ತೆಗೆಯುತ್ತಾ ಟೇಲರು, ಸಮಿತಿ ಅಂದಮೇಲೆ ಊಟ ಇರುತ್ತದೆ, ಹೊಟ್ಟೆಯ ಹತ್ತಿರ ಸ್ವಲ್ಪ ಸಡಿಲ ಬಿಡೋಣ ಅಂದರು. ಬೀದಿಗೆಲ್ಲ ಸುದ್ದಿ ಹಬ್ಬಿತು. ಅಂಗಡಿ ಬಾಗಿಲಿಗೆ ಬೋರ್ಡು ಹಾಕುವುದೊಂದು ಬಾಕಿ.

ಈಗ ಚಿಕ್ಕವಳ ವಿಷಯ ಹೇಳಬೇಕು, ಯಾಕೆಂದರೆ ಈ ಕಥೆಯಲ್ಲಿ ಕಳೆದುಕೊಳ್ಳುವುದೇನಾದರೂ ಇದ್ದದ್ದು ಅವಳಿಗೇ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಚಾದರ ಮಡಿಸುವ ಕೆಲಸ ಮಾಡುತ್ತಾಳೆ. ಓದು ಅವಳಿಗೆ ನಿಧಾನ. ಒಂದು ಸಾಲು ಓದಿದರೆ ಅದು ಒಳಗೆ ಹೋಗಿ, ಜಾಗ ನೋಡಿ, ಕಾಲು ಚಾಚಿ ಕೂತಮೇಲೆ ಅವಳಿಗೆ ಅರ್ಥವಾಗುವುದು. ಅಂಕಿಗಳಂತೂ ಅವಳ ಕಣ್ಣೆದುರೇ ಕುರ್ಚಿಯಾಟ ಆಡುತ್ತವೆ. ಡಾಕ್ಟರು ಇದಕ್ಕೆ ರೈಲಿನಷ್ಟು ಉದ್ದದ ಹೆಸರು ಹೇಳಿದ್ದಾರೆ. ನಾವು "ನಿಧಾನ" ಅನ್ನುತ್ತೇವೆ. ಅವಳನ್ನು ಕೇಳಿದರೆ, "ನಾನು ನಿಧಾನ ಅಲ್ಲ ಅಮ್ಮ, ನಿಮಗೆಲ್ಲ ಅವಸರ" ಅನ್ನುತ್ತಾಳೆ. ಆದರೆ ಕುತೂಹಲಕ್ಕೆ ಮಾತ್ರ ಬರವಿಲ್ಲ. ಬಸ್ಸುಗಳು ರಾತ್ರಿ ಕಣ್ಣು ತೆರೆದು ಮಲಗುತ್ತವೆಯೇ, ಇಸ್ತ್ರಿಯವನ ಅಂಗಿಗೆ ಇಸ್ತ್ರಿ ಮಾಡುವವರು ಯಾರು, ಲಿಫ್ಟಿಗೆ ಹೊಟ್ಟೆ ತುಂಬಿದೆ ಅಂತ ಹೇಗೆ ತಿಳಿಯುತ್ತದೆ, ಕೇಳಿ ಕೇಳಿ ನನ್ನ ತಲೆಗೂದಲು ಅರ್ಧ ಬೆಳ್ಳಗಾದದ್ದು ಅವಳಿಂದಲೇ.

ಅವಳು ಕೆಲಸಕ್ಕೆ ಒಬ್ಬಳೇ ಹೋಗುತ್ತಾಳೆ. ನೀಲಿ ಬಸ್ಸು, ನೀಲಿ ಬಿಲ್ಲೆ. ಪ್ಲಾಸ್ಟಿಕ್ಕಿನ ಆ ಬಿಲ್ಲೆಯನ್ನು ತೋರಿಸಿದರೆ ಮುಗಿಯಿತು, ಓದುವುದಿಲ್ಲ, ಎಣಿಸುವುದಿಲ್ಲ. ಒಬ್ಬಳೇ ಹೋಗುವುದನ್ನು ಅವಳು ನಮ್ಮೆಲ್ಲರ ಜೊತೆ ಯುದ್ಧ ಮಾಡಿ ಗೆದ್ದದ್ದು. ಈಗ ಬಸ್ಸ್ಟಾಪಿನವರೆಗೂ ನನ್ನನ್ನು ಬರಗೊಡುವುದಿಲ್ಲ. ಹೀಗಿರುವಾಗ ಬಿಲ್ಲೆಗಳೆಲ್ಲ ಬಂದ್ ಆಗಲಿವೆಯಂತೆ, ಇನ್ನು ಟಿಕೆಟ್ಟೆಲ್ಲ ಫೋನಿನಲ್ಲೇ ಅಂತ ಸುದ್ದಿ ಬಂತು. ಅಕ್ಕನ ಫೋನಿನಲ್ಲಿ ಆ ಹೊಸ ಆ್ಯಪನ್ನು ಪ್ರಯತ್ನಿಸಿ ನೋಡಿದಳು. ಅವಳು ಮೊದಲ ಸಾಲು ಮುಗಿಸುವಷ್ಟರಲ್ಲಿ ಪರದೆ ಮಾಯವಾಗಿ ಬೇರೆ ಪರದೆ ಬರುತ್ತಿತ್ತು.

ಅಳಿಯಂದಿರು ಧಾರಾಳ ಮನಸ್ಸಿನವರು. ಬಿಲ್ಲೆ ಹೋದರೆ ಹೋಗಲಿ, ದಿನಾ ನಾನೇ ಸ್ಕೂಟರಿನಲ್ಲಿ ಬಿಟ್ಟುಬರುತ್ತೇನೆ ಅಂದರು. ಚಿಕ್ಕವಳ ಮುಖ ಒಗೆದು ಹಿಂಡಿದ ಚಾದರದ ಹಾಗಾಯಿತು. ಒಮ್ಮೆ ಹಾಗೆ ಬಿಡಲು ಹೋದವರು ಅವಳ ಮೇಲ್ವಿಚಾರಕಿಯನ್ನು ಕರೆದು, ನಮ್ಮ ಹುಡುಗಿ ಸರಿಯಾಗಿ ತಿಂಡಿ ತಿನ್ನುತ್ತಾಳೆಯೇ ಅಂತ ಎಲ್ಲರೆದುರು ವಿಚಾರಿಸಿಕೊಂಡಿದ್ದರು. ಹುಡುಗಿಗೆ ವಯಸ್ಸು ಮೂವತ್ತು ದಾಟಿದೆ.

ಸಮಿತಿಯ ವಿಷಯ ಬಂದಾಗ ಚಿಕ್ಕವಳು, ನನ್ನನ್ನೂ ಕರೆದಿದ್ದಾರೆ, ಲಾಂಡ್ರಿಗೆ ಒಬ್ಬ ಮೇಡಂ ಬಂದಿದ್ದರು ಅಂದಳು. ಅಳಿಯಂದಿರು, ಗೊತ್ತು ಗೊತ್ತು, ಜೊತೆಗೆ ಒಬ್ಬರು ಬರಬಹುದಂತೆ, ಬಾ ಅಂದರು. ಹೌದು ಭಾವ, ನನಗೂ ಹಾಗೇ ಹೇಳಿದರು, ಜೊತೆಗೆ ಒಬ್ಬರು ಬರಬಹುದಂತೆ, ನೀವು ಬನ್ನಿ ಅಂದಳು. ಇಬ್ಬರೂ ಒಬ್ಬರನ್ನೊಬ್ಬರು ಉಪಕಾರ ಮಾಡಿದವರ ಹಾಗೆ ನೋಡಿಕೊಂಡರು. ನನ್ನನ್ನು ಯಾರೂ ಕರೆಯಲಿಲ್ಲ. ಆದರೆ ನಾನು ಚಪ್ಪಲಿ ಮೆಟ್ಟಿದ ಮೇಲೆ ಬೇಡ ಅನ್ನುವ ಧೈರ್ಯ ಈ ಮನೆಯಲ್ಲಿ ಇನ್ನೂ ಯಾರಿಗೂ ಹುಟ್ಟಿಲ್ಲ.

ಶುಕ್ರವಾರ ಹೋದೆವು. ದೊಡ್ಡ ಕಟ್ಟಡ, ಗಾಜಿನ ಬಾಗಿಲು. ಬಾಗಿಲಿದೆ ಅಂತ ಅಳಿಯಂದಿರಿಗೆ ಗೊತ್ತಾದದ್ದು ಮೂಗಿನ ಮೂಲಕ. ಒಳಗೆ ಹಡಗಿನಷ್ಟು ದೊಡ್ಡ ಮೇಜು, ಸುತ್ತ ಅಧಿಕಾರಿಗಳು. ತಲೆಯ ಕಡೆ ಅಧ್ಯಕ್ಷರು, ಬಿಳಿ ಮೀಸೆ. ಅವರ ಪಕ್ಕದಲ್ಲಿ ಆ ಆ್ಯಪಿನ ಪರದೆಗಳನ್ನೆಲ್ಲ ಬರೆದ ವಿನ್ಯಾಸಗಾರ, ತಲೆಗೂದಲಿಗೆ ಜುಟ್ಟು. ಒಂದು ಕುರ್ಚಿಯ ಮುಂದೆ "ಅನುಭವ ತಜ್ಞರು" ಅಂತ ಫಲಕ. ಲಾಂಡ್ರಿಗೆ ಬಂದಿದ್ದ, ಫೋನು ಮಾಡಿದ್ದ ಮೇಡಂ ಜ್ವರ ಬಂದು ಮಲಗಿದ್ದಳು. ಅಲ್ಲಿದ್ದವರು ಯಾರೂ ನಮ್ಮನ್ನು ಹಿಂದೆ ಕಂಡವರಲ್ಲ. ಮೂಗು ತಿಕ್ಕಿಕೊಳ್ಳುತ್ತಾ ಹೊಟ್ಟೆ ಸಡಿಲದ ಕೋಟಿನಲ್ಲಿ ಅಳಿಯಂದಿರು ನೇರವಾಗಿ ಹೋಗಿ ಆ ಕುರ್ಚಿಯಲ್ಲಿ ಕೂತರು. ನನ್ನನ್ನೂ ಚಿಕ್ಕವಳನ್ನೂ ಗೋಡೆ ಪಕ್ಕದ ಬೆಂಚಿಗೆ ಕಳಿಸಿದರು.

ಅಧ್ಯಕ್ಷರು ಬಾಗಿ, ಕಿವುಡರಿಗೆ ಹೇಳುವ ಹಾಗೆ, ಒಂದೊಂದು ಮಾತಿನ ನಡುವೆ ಒಂದೊಂದು ಬಸ್ಸು ಹೋಗುವಷ್ಟು ಜಾಗ ಬಿಟ್ಟು ಕೇಳಿದರು.

"ನಿಮಗೆ... ನೀರು... ಬೇಕಾ?"

ಸಮಿತಿಗಳಲ್ಲಿ ಮಾತಾಡುವ ರೀತಿಯೇ ಇದು ಅಂದುಕೊಂಡ ಅಳಿಯಂದಿರು ಅದಕ್ಕಿಂತ ದೊಡ್ಡ ಗತ್ತಿನಲ್ಲಿ, "ಆಮೇಲೆ... ಕುಡಿತೀನಿ... ಸ್ವಾಮಿ" ಅಂದರು.

ಸುತ್ತ ಕೂತವರ ಕಣ್ಣು ತುಂಬಿ ಬಂತು. ಇಷ್ಟು ಒಳ್ಳೆಯ ಜನ ಎಲ್ಲಿಯೂ ಇಲ್ಲ ಅಂತ ಅಳಿಯಂದಿರಿಗೂ ಅನ್ನಿಸಿತು.

ಆಮೇಲೆ ಪ್ರಶ್ನೆಗಳು. ಓದಲು ಕಷ್ಟವಾಗುತ್ತದೆಯೇ ಅಂತ ಕೇಳಿದರು. ಈಚೆಗೆ ಕನ್ನಡಕ ಇಲ್ಲದೆ ಆಗುವುದಿಲ್ಲ ಅಂದರು. ಮನೆಯಲ್ಲಿ ಸಹಾಯ ಮಾಡುವವರು ಯಾರು ಅಂತ ಕೇಳಿದರು. ಎಲ್ಲ ನನ್ನ ಹೆಂಡತಿಯೇ, ಹಾಕುವ ಅಂಗಿ ಕೂಡ ಅವಳೇ ತೆಗೆದಿಡಬೇಕು, ಕರವಸ್ತ್ರ ಯಾವ ಜೇಬಿನಲ್ಲಿದೆ ಅಂತಲೂ ಅವಳೇ ಹೇಳಬೇಕು ಅಂದರು. ಅದಂತೂ ನಿಜ. "ನಿಮಗೆ ಮದುವೆ ಆಗಿದೆಯಾ?" ಅಂತ ಒಬ್ಬ ಅಧಿಕಾರಿ ಎಷ್ಟು ಸಂತೋಷಪಟ್ಟರೆಂದರೆ, ಅಳಿಯಂದಿರ ಮದುವೆಯ ದಿನ ನಾನೂ ಅಷ್ಟು ಪಟ್ಟಿರಲಿಲ್ಲ.

ಕೊನೆಗೆ ಜುಟ್ಟಿನವರು ಆ್ಯಪ್ ಇರುವ ಫೋನೊಂದನ್ನು ಕೈಗೆ ಕೊಟ್ಟರು. ಅಳಿಯಂದಿರು ಅದನ್ನು ತಿರುಗಿಸಿ ನೋಡಿದರು. ಅಭ್ಯಾಸಬಲದಿಂದ ಎಡಪಕ್ಕೆಗೆ ಒಂದು ಏಟು ಕೊಟ್ಟರು. ಅಷ್ಟರಲ್ಲಿ ಪರದೆ ಮೇಲೆ ಕೆಂಪಗೆ ಏನೋ ಬಂತು. ಓದಿದರು, ಬೆವರಿದರು.

"ನಿಮ್ಮ ಅವಧಿ ಮುಗಿದಿದೆ ಅಂತಿದೆಯಲ್ಲ ಸ್ವಾಮಿ. ನನಗಿನ್ನೂ ಅಂಥ ವಯಸ್ಸಾಗಿಲ್ಲ."

ಎಲ್ಲರೂ ಬರೆದುಕೊಂಡರು. ಅಮೂಲ್ಯವಾದ ಅನುಭವ ಅಂದರು. ನಾನು ಬೆಂಚಿನ ಮೇಲೆ ಸೆರಗು ಬಾಯಿಗೆ ತುರುಕಿಕೊಂಡಿದ್ದೆ. ಚಿಕ್ಕವಳು ಮಾತ್ರ ನಗಲಿಲ್ಲ. ಎದ್ದು ನಿಂತು, ಆ ಪರದೆ ಬೇಗ ಹೋಗಿಬಿಡುತ್ತೆ, ನಾನು ಹೇಳ್ತೀನಿ ಅಂತ ಶುರುಮಾಡಿದಳು. ಅಧ್ಯಕ್ಷರು ಕೈ ಎತ್ತಿದರು.

"ತಪ್ಪು ತಿಳ್ಕೋಬೇಡಿ ಅಮ್ಮ. ಜೊತೆಗಾರರು ಉತ್ತರ ಹೇಳಿಕೊಡಬಾರದು. ಅವರ ಮಾತು ಅವರೇ ಆಡಲಿ ಅಂತಾನೇ ನಾವು ಈ ನಿಯಮ ಮಾಡಿರೋದು."

ಒಳ್ಳೆಯ ನಿಯಮ. ನಮ್ಮ ಚಿಕ್ಕವಳಂಥವರ ಬಾಯಿಗೆ ಮನೆಯವರು ಅಡ್ಡ ಬರಬಾರದು ಅಂತ ಮಾಡಿದ ನಿಯಮ. ಆ ನಿಯಮವೇ ಅವಳನ್ನು ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿತು.

ಈಗ ಅಧ್ಯಕ್ಷರು ಮುಖ್ಯವಾದ ಪ್ರಶ್ನೆ ಕೇಳಿದರು. ಪರದೆ ಅರ್ಧ ನಿಮಿಷ ಇರುತ್ತದೆ, ಓದಿಕೊಳ್ಳಲು ಅಷ್ಟು ಸಾಕೇ? ನೀವು ಸಾಕು ಅಂದರೆ ಬಿಲ್ಲೆ ನಿಲ್ಲಿಸುತ್ತೇವೆ. ಆ ಕೆಂಪು ಸಾಲು ಬಿಟ್ಟರೆ ಅಳಿಯಂದಿರು ಬೇರೊಂದು ಸಾಲೂ ಓದಿಲ್ಲ. ಆದರೆ ಅಷ್ಟು ಜನರೆದುರು ಸಾಲದು ಅನ್ನಲು ಕೋಟು ಬಿಡಬೇಕಲ್ಲ. "ಧಾರಾಳವಾಗಿ ಸಾಕು" ಅಂದುಬಿಟ್ಟರು. ಚಪ್ಪಾಳೆಯಾಯಿತು. ಫೋಟೋ ಹಿಡಿದರು.

ಲಿಫ್ಟಿನಲ್ಲಿ ಇಳಿಯುವಾಗ ಚಿಕ್ಕವಳು ಲಿಫ್ಟಿನ ಹೊಟ್ಟೆಯ ವಿಷಯ ಕೇಳಲಿಲ್ಲ. ಅವಳು ಪ್ರಶ್ನೆ ಕೇಳದೆ ಇದ್ದಾಗ ನನಗೆ ಭಯವಾಗುತ್ತದೆ. ಬಾಗಿಲು ತೆರೆಯುವ ಹೊತ್ತಿಗೆ ಒಂದೇ ಮಾತು ಅಂದಳು. "ಭಾವ ನನ್ನ ಬಸ್ಸು ಕೊಟ್ಟುಬಿಟ್ರು."

ಅಳಿಯಂದಿರಿಗೆ ಅರ್ಥವಾಗಲಿಲ್ಲ. ಅರ್ಥಮಾಡಿಸಿದ್ದು ಬಸ್ಸ್ಟಾಪು. ಮುಂದಿನ ವಾರ ಅಲ್ಲಿ ಬಾಗಿಲಿನಷ್ಟು ದೊಡ್ಡ ಪೋಸ್ಟರು ಬಿತ್ತು. ಕೋಟಿನಲ್ಲಿ ಅಳಿಯಂದಿರು, ಕೈಯಲ್ಲಿ ಫೋನು. ಕೆಳಗೆ, "ಕಲಿಕೆಯಲ್ಲಿ ತೊಂದರೆ ಇರುವ ನಮ್ಮ ಅನುಭವ ತಜ್ಞರೇ ಹೇಳುತ್ತಾರೆ: ಧಾರಾಳವಾಗಿ ಸಾಕು." ಅಂದರೆ ಆ ಕುರ್ಚಿ ಇದ್ದದ್ದು ಓದು ಬರಹ ನಿಧಾನ ಇರುವವರಿಗೆ. ಅವರು ದಿನಾ ಪಡುವ ಪಾಡೇ ಅವರ ಅನುಭವ, ಅದರಲ್ಲಿ ಅವರೇ ತಜ್ಞರು. ಫೋನು ಬಂದದ್ದು ಚಿಕ್ಕವಳಿಗೆ.

ಪೋಸ್ಟರನ್ನು ಮೊದಲು ಓದಿದವರು ಟೇಲರು. ಅಳುಮುಖ ಮಾಡಿಕೊಂಡು ಬಂದು ಅಳಿಯಂದಿರ ಎರಡೂ ಕೈ ಹಿಡಿದುಕೊಂಡರು. ಇಷ್ಟು ವರ್ಷ ಪಕ್ಕದಲ್ಲೇ ಇದ್ದೀವಿ, ಒಂದು ಮಾತು ಹೇಳಬಾರದಾಗಿತ್ತೇ, ಆವತ್ತು ಅಳತೆ ತೆಗೆಯುವಾಗ ಕೈ ಎತ್ತಿ ಅಂದರೆ ಕಾಲು ಎತ್ತಿದಿರಿ, ಆಗಲೇ ನನಗೆ ಹೊಳೆಯಬೇಕಿತ್ತು ಅಂದರು. ಅಂಗಡಿಗೆ ಬರುವವರು "ಎರಡು... ಕಾಪಿ... ನಿಧಾನವಾಗಿ... ಮಾಡಿ" ಅನ್ನತೊಡಗಿದರು. ಎದುರು ಬೀದಿಯ ಮುದುಕ, ನನಗಿಂತ ಹತ್ತು ವರ್ಷ ದೊಡ್ಡವನು, ಕೋಲೂರಿಕೊಂಡು ಬಂದು ಇವರ ಕೈ ಹಿಡಿದು ರಸ್ತೆ ದಾಟಿಸಿದ. ಇವರು ದಾಟಬೇಕಿರಲಿಲ್ಲ. ಮತ್ತೆ ವಾಪಸ್ಸು ದಾಟಿಸಿಕೊಂಡು ಬರಲು ಇನ್ನೊಬ್ಬರು ಬೇಕಾಯಿತು. ಅಳಿಯಂದಿರ ಸ್ವಂತ ಅಣ್ಣ ದೂರದಿಂದ ಫೋನು ಮಾಡಿ, ಚಿಕ್ಕಂದಿನಲ್ಲಿ ನಿನ್ನನ್ನು ದಡ್ಡ ಅಂದದ್ದಕ್ಕೆಲ್ಲ ಕ್ಷಮೆ ಇರಲಿ ಅಂತ ಹೇಳಿದನಂತೆ. ದೊಡ್ಡವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುತ್ತಿದ್ದಾಳೆ ಅಂತ ಅಳಿಯಂದಿರು ಬಾಗಿಲು ತಟ್ಟಿದರು. ನಕ್ಕು ನಕ್ಕು ಅವಳಿಗೆ ಚಿಲಕ ತೆಗೆಯಲು ಆಗುತ್ತಿರಲಿಲ್ಲ.

ಅಳಿಯಂದಿರು ಜಗುಲಿಯ ಮೇಲೆ ಕುದಿಯುತ್ತಾ ಕೂತಿದ್ದಾಗ ಚಿಕ್ಕವಳು ಹೋಗಿ ಪಕ್ಕದಲ್ಲಿ ಕೂತಳು. ಸಿಟ್ಟು ಇಳಿದಿತ್ತೋ ಇಲ್ಲವೋ, ಕುತೂಹಲ ಗೆದ್ದಿತ್ತು.

"ಭಾವ, ಜನ ನಿಮ್ಮ ಹತ್ರ ಹಾಗೆ ಮಾತಾಡಿದ್ರೆ ಹೇಗಾಗುತ್ತೆ?"

"ಮೈಯೆಲ್ಲ ಉರಿಯುತ್ತೆ ಕಣಮ್ಮ."

"ಎಲ್ಲಿ ಜಾಸ್ತಿ? ನನಗೆ ಕಿವಿ ಹತ್ರ."

ಅಳಿಯಂದಿರು, ಹೌದು, ಕಿವಿಯ ಹತ್ತಿರವೇ ಅಂದರು. ಇಬ್ಬರೂ ಕಿವಿ ಮುಟ್ಟಿಕೊಂಡು ಕೂತದ್ದನ್ನು ಕಿಟಕಿಯಿಂದ ನೋಡಿದೆ.

ಮತ್ತೆ ಸಮಿತಿ ಸೇರುವ ದಿನ ಬಂತು. ಬಿಲ್ಲೆ ನಿಲ್ಲಿಸುವುದಕ್ಕೆ ಅಂದು ಕೊನೆಯ ಒಪ್ಪಿಗೆ. ಅಳಿಯಂದಿರು ಕೋಟಿಲ್ಲದೆ ಬಂದರು. ಬಂದವರೇ ನಿಂತುಕೊಂಡು, ನನಗೆ ಯಾವ ತೊಂದರೆಯೂ ಇಲ್ಲ, ತಪ್ಪಾಗಿದೆ, ನಾನು ಸರಿಯಾಗಿಯೇ ಇದ್ದೀನಿ ಅಂದರು. ಅಧ್ಯಕ್ಷರು ತಾಯಿಯ ಹಾಗೆ ನಕ್ಕು, ಖಂಡಿತ ಸರಿಯಾಗಿದ್ದೀರಿ, ಹಾಗೇ ಧೈರ್ಯವಾಗಿರಬೇಕು ಅಂದರು. ನನಗೆ ಸ್ವಂತ ಅಂಗಡಿ ಇದೆ ಅಂದರು ಇವರು. "ಓಹೋ, ಸ್ವಂತ ಅಂಗಡಿ" ಅಂತ ಸುತ್ತ ಕೂತವರು, ಮಗು ಬಣ್ಣದ ಚಿತ್ರ ತೋರಿಸಿದಾಗ ಅನ್ನುವ ರಾಗದಲ್ಲಿ ಅಂದರು. ನಾನು ಕಂಪ್ಯೂಟರ್ ಲೈನಿನವನು ಅಂದರು. ಅದಕ್ಕೆ ಚಪ್ಪಾಳೆ. ಇವರು ಜೋರು ಮಾಡಿದಷ್ಟೂ ಅವರು ಮೆತ್ತಗಾದರು. ಒಬ್ಬ ಅಧಿಕಾರಿ ಎದ್ದು ಬಂದು ಬೆನ್ನು ಸವರಿದರು. ಮನುಷ್ಯ ತಾನು ಬುದ್ಧಿವಂತ ಅಂತ ಸಾಬೀತು ಮಾಡುವುದು ಇಷ್ಟು ಕಷ್ಟ ಅಂತ ನನಗೆ ಆವತ್ತೇ ತಿಳಿದದ್ದು. ಜೊತೆಯಲ್ಲಿ ಯಾವ ಪುರಾವೆಯನ್ನೂ ಇವರು ತಂದಿರಲಿಲ್ಲ. ಹುಡುಕಿದರೂ ಸಿಗುತ್ತಿತ್ತು ಅಂತ ನಾನೇನೂ ಹೇಳಲಾರೆ.

ಅಳಿಯಂದಿರು ಗೋಡೆಯ ಕಡೆ ತಿರುಗಿ ನೋಡಿದರು. ಚಿಕ್ಕವಳು ಬೆಂಚಿನ ಅಂಚಿನಲ್ಲಿ, ಕೈಯಲ್ಲಿ ನೀಲಿ ಬಿಲ್ಲೆ ಹಿಡಿದು ಕೂತಿದ್ದಳು. ಇವರು ಒಮ್ಮೆ ಕೆಮ್ಮಿದರು. ಆಮೇಲೆ, ನಾನು ಅವರ ಬಾಯಲ್ಲಿ ಎಂದೂ ಕೇಳದ ಮಾತು ಬಂತು.

"ಆವತ್ತು ಸಾಕು ಅಂದೆನಲ್ಲ, ಅದು ಸುಳ್ಳು. ನನಗೆ ಒಂದು ಸಾಲೂ ಓದೋಕಾಗಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು. ಈ ಕುರ್ಚಿ ಅವಳದು."

ಹಾಗಂದು ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತರು. ಚಿಕ್ಕವಳು ಹೋಗಿ ಕುರ್ಚಿಯಲ್ಲಿ ಕೂತು, ಎತ್ತರ ಸರಿಯಿದೆಯೇ ನೋಡಿ, ಫಲಕವನ್ನು ಸ್ವಲ್ಪ ತನ್ನ ಕಡೆಗೆ ಎಳೆದುಕೊಂಡಳು. ಅಧ್ಯಕ್ಷರು ಗಾಬರಿಯಾಗಿ, ಇದೇನು ಸ್ವಾಮಿ, ಸ್ವಲ್ಪ ಬಿಡಿಸಿ ಹೇಳಿ ಅಂತ ಅಳಿಯಂದಿರನ್ನೇ ಕೇಳಿದರು.

"ಜೊತೆಗಾರರು ಉತ್ತರ ಹೇಳಿಕೊಡಬಾರದು" ಅಂದರು ಅಳಿಯಂದಿರು. ಅವರ ಜೀವಮಾನದಲ್ಲಿ ಸರಿಯಾದ ಹೊತ್ತಿಗೆ ಸರಿಯಾದ ಮಾತು ಬಂದದ್ದು ಅದೊಂದೇ ಸಲ.

ಅಧ್ಯಕ್ಷರು ಬೇರೆ ದಾರಿಯಿಲ್ಲದೆ ಚಿಕ್ಕವಳ ಕಡೆ ತಿರುಗಿದರು.

"ಅಂದ್ರೆ ನೀವು... ಆದ್ರೆ ನೀವು ಹಾಗೆ ಕಾಣೋದಿಲ್ಲವಲ್ಲ?"

ಚಿಕ್ಕವಳು ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತಲೇ ಕೇಳಿದಳು. "ಭಾವ ಹಾಗೆ ಕಾಣ್ತಾರಾ?"

ಆ ಹಡಗಿನಂಥ ಮೇಜಿನ ಸುತ್ತ ಎಲ್ಲರೂ ತಮ್ಮ ತಮ್ಮ ಕಾಗದ ಜೋಡಿಸತೊಡಗಿದರು. ಅಷ್ಟರಲ್ಲಿ ಜ್ವರ ಬಿಟ್ಟ ಮೇಡಂ ಓಡೋಡಿ ಬಂದು, ಚಿಕ್ಕವಳನ್ನು ನೋಡಿ, ಲಾಂಡ್ರಿಯಿಂದ ರಜೆ ಸಿಕ್ಕಿತಲ್ಲ, ಒಳ್ಳೆಯದಾಯಿತು ಅಂದಳು. ಆಮೇಲೆ ಸುತ್ತ ನೋಡಿ, ಎಲ್ಲರ ಮುಖ ಯಾಕೆ ಕೆಂಪಗಿದೆ, ಎಲ್ಲರಿಗೂ ಜ್ವರ ಬಂತೇ ಅಂತ ಕೇಳಿದಳು.

ಜುಟ್ಟಿನವರು ಫೋನು ಕೊಟ್ಟರು. ಚಿಕ್ಕವಳು ಓದತೊಡಗಿದಳು. ಬೆರಳು ಮೊದಲ ಸಾಲಿನ ನಡುವೆ ಇರುವಾಗಲೇ ಪರದೆ ಕೆಂಪಾಯಿತು. ಅದನ್ನೂ ಓದಿದಳು.

"ನಿಮ್ಮ ಅವಧಿ ಮುಗಿದಿದೆ. ಯಾರದು?"

ನಿಮ್ಮದಲ್ಲ, ಆ ಪುಟದ್ದು ಅಂದರು ಜುಟ್ಟಿನವರು. ಹಾಗಾದರೆ ಪುಟ ಹೋಯಿತು ಅಂತ ಬರೆಯಿರಿ, ನಾನು ಇಲ್ಲೇ ಇದ್ದೀನಲ್ಲ ಅಂದಳು. ಪುಟ ಯಾಕೆ ಹೋಗಬೇಕು, ಅದಕ್ಕೇನು ಬೇರೆ ಕಡೆ ಕೆಲಸವಿದೆಯೇ ಅಂತ ಕೇಳಿದಳು. ಬೇರೆಯವರು ನಿಮ್ಮ ಟಿಕೆಟ್ಟು ನೋಡಬಾರದಲ್ಲ, ಅದಕ್ಕೆ ಅಂದರು. ಯಾರು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ ಅಂತ ಮತ್ತೆ ಕೇಳಿದಳು. ಜುಟ್ಟಿನವರು ತಮ್ಮ ಜುಟ್ಟನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡರು. ಅದನ್ನು ನಾನೂ ಯೋಚನೆ ಮಾಡಬೇಕು ಅಂದರು. ಅವಳು ಹೇಳಿದ್ದೆಲ್ಲ ನಡೆಯಿತು ಅಂತಲ್ಲ. ಒಂದೊಂದು ಬಸ್ಸಿಗೆ ಒಂದೊಂದು ಪ್ರಾಣಿಯ ಮುಖ ಬರೆಯಿರಿ, ನಮ್ಮದಕ್ಕೆ ಆನೆ ಇರಲಿ ಅಂದಳು. ಅದಕ್ಕೆ ಒಪ್ಪಲಿಲ್ಲ. ಬಸ್ಸಿನ ಬಣ್ಣವೇ ಪರದೆಗೂ ಇರಲಿ ಅಂದಳು. ಅದಕ್ಕೆ ಒಪ್ಪಿದರು. ಆನೆಯ ವಿಷಯದಲ್ಲಿ ಅವಳಿಗೆ ಇನ್ನೂ ಅಸಮಾಧಾನವಿದೆ.

ಅಧ್ಯಕ್ಷರು ಗಡಿಯಾರ ನೋಡಿಕೊಂಡು ಮುಗಿಸುವ ದಾರಿ ಹುಡುಕಿದರು. ಈಗ ಮಾಮೂಲಿ ಜನರ ಹಾಗೆ ಮಾತಾಡುತ್ತಿದ್ದರು.

"ನೀವು ಹೇಳಿದ ಹಾಗೆ ಬದಲಾಯಿಸ್ತೀವಿ. ನೀವೇ ಪುಟ ಮುಚ್ಚೋವರೆಗೂ ಅದು ಹೋಗಲ್ಲ. ಹಾಗೆ ಮಾಡಿದ್ರೆ ಮುಂದಿನ ತಿಂಗಳು ಬಿಲ್ಲೆ ನಿಲ್ಲಿಸಬಹುದಾ?"

ಚಿಕ್ಕವಳು ಯೋಚನೆಗೆ ಕೂತಳು. ಅವಳ ಯೋಚನೆ ನನಗೆ ಗೊತ್ತು, ಅದು ಮೆಟ್ಟಿಲು ಇಳಿದು, ಬೀದಿ ಸುತ್ತಿ, ನೀರು ಕುಡಿದು ಬರಬೇಕು. ಟೀ ಆರಿತು. ಅಧ್ಯಕ್ಷರ ಮೀಸೆ ಒಂದಂಗುಲ ಬೆಳೆಯಿತು. ಯಾರೂ ಕೆಮ್ಮಲಿಲ್ಲ, ಯಾರೂ ಅವಳ ಪರವಾಗಿ ಹೂಂ ಅನ್ನಲಿಲ್ಲ. ಅಳಿಯಂದಿರಿಗೆ ತಡೆಯಲಾಗದೆ ತುಟಿ ಅಲುಗಾಡಿತು. ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಅವರ ಬಾಯಿಗೆ ತುರುಕಿದೆ.

"ಗೊತ್ತಿಲ್ಲ" ಅಂದಳು ಚಿಕ್ಕವಳು. "ಬದಲಾಯಿಸಿ ತೋರಿಸಿ. ನಾನು ಅದನ್ನ ಹಿಡ್ಕೊಂಡು ಒಬ್ಬಳೇ ಲಾಂಡ್ರಿಗೆ ಹೋಗಿ ಬರ್ತೀನಿ. ಆಮೇಲೆ ಹೇಳ್ತೀನಿ."

ಅಧ್ಯಕ್ಷರು ಅತ್ತ ಇತ್ತ ನೋಡಿದರು. ಯಾರಿಂದಲೂ ಸಹಾಯ ಬರಲಿಲ್ಲ. ಅನುಭವ ತಜ್ಞರು ಹೇಳುವವರೆಗೂ ಬಿಲ್ಲೆ ಇರಲಿ ಅಂತ ಬರೆಸಿದರು.

ಅದಾಗಿ ಎಷ್ಟೋ ದಿನ ಆಯಿತು. ಅವಳು ಹೊಸ ಪರದೆ ಹಿಡಿದುಕೊಂಡು ಹೋಗುತ್ತಾಳೆ, ಬರುತ್ತಾಳೆ, ಸಮಿತಿಯಲ್ಲಿ ಕೂತು ಅದು ಕೇಳುತ್ತಾಳೆ, ಇದು ಕೇಳುತ್ತಾಳೆ. ಊರಿಗೆ ಊರೇ, ಇಷ್ಟು ಬಸ್ಸು, ಇಷ್ಟು ಅಧಿಕಾರಿಗಳು, ಅವಳ ಒಂದು ಹೂಂಗೆ ಕಾಯುತ್ತಾ ಕೂತಿದ್ದಾರೆ. ನಿನ್ನೆ ನಾನೇ ತಡೆಯಲಾರದೆ, ಏನೇ, ಯಾವಾಗ ಹೇಳುತ್ತೀ ಅಂತ ಕೇಳಿದೆ.

"ಯಾಕಮ್ಮ," ಅಂದಳು, ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ. "ನಿನಗೇನು ಅವಸರ?"

ಅಂದು, ಬಾಗಿಲು ಎಳೆದುಕೊಂಡು, ಒಬ್ಬಳೇ ಬಸ್ಸಿಗೆ ಹೋದಳು.